ತೂಬಿನವನಿಗೆ ಗಾಯ ಬೇಡ

ಸೋಮವಾರ, ಬೆಳಿಗ್ಗೆ

ಎಂಟು ತಿಂಗಳಿಂದ ಬೇರೆ ಮನೆಯಲ್ಲಿದ್ದರೂ ಇನ್ನೂ ನನ್ನ ಗಂಡನೇ ಆಗಿರುವ ನಿನಗೆ,

ನಮ್ಮ ಕಂಪನಿಯ ವಿಡಿಯೊ ಆಟದ ಕೊನೆಯಲ್ಲಿ ಹೆಸರುಗಳು ಬರುವಾಗ ‘ಕಥೆ’ ಎಂಬುದರ ಮುಂದೆ ನನ್ನ ಹೆಸರಿರುತ್ತದೆ ಎಂದು ನೀನು ಮಾತು ಕೊಟ್ಟಿದ್ದೆ. ಮೂರು ಆಟ ಬಂದವು. ಮೂರರಲ್ಲೂ ಅಲ್ಲಿ ನಿನ್ನ ಹೆಸರು. ನಾನು ‘ಸಹಕರಿಸಿದವರು’ ಪಟ್ಟಿಯಲ್ಲಿ, ಲಿಫ್ಟ್ ರಿಪೇರಿಯವನ ಕೆಳಗೆ. ಬರಹಗಾರರಿಗೆ ಕಿಟಕಿ ಇರುವ ಕೋಣೆ ಕೊಡಿಸುತ್ತೇನೆ ಎಂದಿದ್ದೆ. ಆರು ಜನ ಇನ್ನೂ ನೆಲಮಾಳಿಗೆಯಲ್ಲಿ ಸರ್ವರ್‌ಗಳ ಬಿಸಿಗಾಳಿ ಕುಡಿಯುತ್ತ ಕೂತಿದ್ದೇವೆ. ಅಡುಗೆ ಒಂದು ದಿನ ನಿನ್ನದು, ಒಂದು ದಿನ ನನ್ನದು ಎಂದಿದ್ದೆ. ನಿನ್ನ ದಿನ ಯಾವ ಕ್ಯಾಲೆಂಡರಿನಲ್ಲೂ ಹುಟ್ಟಲಿಲ್ಲ. ನಾನು ಬರೆದ ಖಳ, ಜಲಾಶಯದ ತೂಬಿನವನ ಒಂದು ಮಾತನ್ನೂ ನನ್ನನ್ನು ಕೇಳದೆ ಬದಲಿಸುವುದಿಲ್ಲ ಎಂದಿದ್ದೆ. ಕಳೆದ ಶುಕ್ರವಾರ ಬದಲಿಸಿದೆ.

ತಪ್ಪಿದ ಮೊದಲ ಮೂರು ಮಾತುಗಳನ್ನು ನುಂಗಿಕೊಂಡೆ. ನಾಲ್ಕನೆಯದು ಗಂಟಲಲ್ಲಿ ಇಳಿಯುತ್ತಿಲ್ಲ. ಬಾಯಲ್ಲಿ ಹೇಳಿದರೆ ಅರ್ಧಕ್ಕೇ ತಡೆಯುತ್ತೀಯ, ಅದಕ್ಕೇ ಕಾಗದ. ಕಾಗದವನ್ನು ನಡುವೆ ಬಾಯಿ ಹಾಕಿ ನಿಲ್ಲಿಸಲು ಬರುವುದಿಲ್ಲ.

ಸುದ್ದಿ ಕೊಟ್ಟವರು ತಾತ. ತೂಬಿನವನಿಗೆ ಮೂರು ಆಟಗಳಲ್ಲೂ ದನಿ ಕೊಟ್ಟ ಮುದುಕ ನಟ, ಯಾರಿಗೂ ತಾತನಲ್ಲದ ನಮ್ಮೆಲ್ಲರ ತಾತ. ಶುಕ್ರವಾರ ಧ್ವನಿಮುದ್ರಣದ ಕೋಣೆಯಿಂದಲೇ ಫೋನ್ ಮಾಡಿ, ಏನಮ್ಮಾ ತಾಯಿ, ನನ್ನನ್ನ ಅಳೋಕೆ ಹಾಕಿದ್ದಾರಲ್ಲ, ಈ ವಯಸ್ಸಲ್ಲಿ ಅಷ್ಟು ಕಣ್ಣೀರು ಎಲ್ಲಿಂದ ತರಲಿ, ಅಂದರು. ಓಡಿ ಹೋಗಿ ನೋಡಿದೆ. ಗಾಜಿನಾಚೆ ತಾತ ಹಾಳೆ ಹಿಡಿದು ನಿಂತಿದ್ದರು. ಪ್ರತಿ ಸಾಲಿನ ಪಕ್ಕದ ‘ಉದ್ದೇಶ’ ಎಂಬ ಅಂಕಣದಲ್ಲಿ ಒಂದೇ ಪದ: ಸೇಡು, ಸೇಡು, ಸೇಡು. ಕಡೆಯ ಹಾಳೆಯಲ್ಲಿ ‘ಪಶ್ಚಾತ್ತಾಪ’.

ಆ ಅಂಕಣವನ್ನು ನಾನು ಮೂರು ಆಟಗಳಲ್ಲಿ ಖಾಲಿ ಬಿಟ್ಟಿದ್ದೆ. ಹೇಗೆ ಖಾಲಿ ಉಳಿಯಿತು ಎಂಬುದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ: ಮೊದಲ ಸಲ ಅದು ತಪ್ಪು. ಅವಸರದಲ್ಲಿ ತುಂಬಿಸದೆ ಕಳಿಸಿದ್ದೆ. ಸಿಟ್ಟಿನಲ್ಲಿ ಹೇಳಬೇಕೋ ದುಃಖದಲ್ಲಿ ಹೇಳಬೇಕೋ ಗೊತ್ತಾಗದೆ ತಾತ ಬಸ್ಸಿನಲ್ಲಿ ಟಿಕೆಟ್ ಕೇಳುವ ಹಾಗೆ ‘ಜಲಾಶಯದ ಕೀಲಿ ಕೊಡಿ’ ಅಂದುಬಿಟ್ಟರು. ಆಡಿ ನೋಡಲು ಕರೆಸಿದ್ದ ಹುಡುಗಿಯರು ಆ ಜಾಗದಲ್ಲಿ ಉಸಿರು ಬಿಗಿಹಿಡಿದರು. ಕಂಪನಿಯ ಮಾಲೀಕರು ಬೈಯಲು ಬಂದಾಗ, ಅದು ಬೇಕೆಂದೇ ಬಿಟ್ಟದ್ದು ಎಂದು ನನ್ನ ಪರ ನಿಂತವನು ನೀನು. ಅದನ್ನು ಮರೆತಿಲ್ಲ. ಆದರೆ ಅದೇ ಮಾತನ್ನು ಮುಂದಿನ ವರ್ಷ ನಿನ್ನ ಉಪಾಯವೆಂದು ಸಭೆಯಲ್ಲಿ ಹೇಳಿದೆಯಲ್ಲ, ಅದನ್ನೂ ಮರೆತಿಲ್ಲ.

ಈಗ ನಿನ್ನ ನಾಲ್ಕನೇ ಆಟದಲ್ಲಿ ಅವನಿಗೊಬ್ಬಳು ಮಗಳು. ನೀರಿನಲ್ಲಿ ಮುಳುಗಿ ಸತ್ತಿದ್ದಾಳೆ. ಅದಕ್ಕೇ ಅವನಿಗೆ ಅಧಿಕಾರದ ಹುಚ್ಚು. ಕೊನೆಗೆ ಅವಳ ಸಮಾಧಿಯ ಮುಂದೆ ಅತ್ತು, ಕೀಲಿಯನ್ನು ಹಳೆಯ ಅಧಿಕಾರಿಗಳಿಗೆ ವಾಪಸ್ ಕೊಟ್ಟು ಸಾಯುತ್ತಾನೆ. ಭೇಷ್! ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸತ್ತವನು ಕೀಲಿ ಕೇಳಿದವನೊಬ್ಬನೇ.

ಅವನು ಯಾಕೆ ಕೇಳಿದ ಎಂಬುದು ನಿನಗೆ ಮರೆತಿದ್ದರೆ ನೆನಪಿಸುತ್ತೇನೆ. ಇಪ್ಪತ್ತು ವರ್ಷ ಅವನು ಜಲಾಶಯದ ತೂಬಿನ ಚಕ್ರ ತಿರುಗಿಸಿದ. ತೆಗೆ ಎಂದು ಮೇಲಿನ ಕಚೇರಿಯಿಂದ ಫೋನ್ ಬಂದರೆ ತೆಗೆದ, ಮುಚ್ಚು ಎಂದರೆ ಮುಚ್ಚಿದ. ಒಂದು ಬೇಸಿಗೆ ಕೆಳಗಿನ ಬೀದಿಗಳಿಗೆ ನಾಲ್ಕು ದಿನ ನೀರು ನಿಲ್ಲಿಸಿದರು. ಐದನೇ ದಿನ ಒಬ್ಬಳು ಖಾಲಿ ಬಕೆಟ್ ಹಿಡಿದು ಬಂದು, ಚಕ್ರ ನಿನ್ನ ಕೈಯಲ್ಲೇ ಇದೆಯಲ್ಲೋ ಮಾರಾಯ, ತಿರುಗಿಸು, ಅಂದಳು. ಮೇಲಿನವರನ್ನ ಕೇಳಬೇಕು ಅಂದ. ತನ್ನ ಬಾಯಿಂದ ಬಂದ ಆ ಮಾತು ಅವನಿಗೇ ಹೇಸಿಗೆಯಾಯಿತು. ಮಾರನೇ ದಿನ ಮೇಲಿನ ಕಚೇರಿಯ ಮೆಟ್ಟಿಲು ಹತ್ತಿ ಹೋಗಿ ಕೀಲಿ ಕೇಳಿದ; ನೀರು ಯಾವಾಗ ಬಿಡಬೇಕೆಂಬ ಅಧಿಕಾರ ಅದನ್ನು ಹಿಡಿದವನದು. ಅಷ್ಟೇ. ಯಾರೂ ಸತ್ತಿರಲಿಲ್ಲ. ತೋಳು ತನ್ನದು, ಆಜ್ಞೆ ಮತ್ತೊಬ್ಬನದು ಎಂಬುದು ಇಪ್ಪತ್ತು ವರ್ಷಕ್ಕೆ ಸಾಕಾಗಿತ್ತು.

ಅವನು ಒಳ್ಳೆಯವನೆಂದು ನಾನು ಎಲ್ಲೂ ಬರೆದಿಲ್ಲ. ಎರಡನೇ ಆಟದಲ್ಲಿ ಅದೇ ಕೆಳಗಿನ ಬೀದಿಗಳನ್ನು ಮುಳುಗಿಸಿದ. ಮೂರನೆಯದರಲ್ಲಿ ಫೋನ್ ಅವನ ಮೇಜಿನ ಮೇಲಿದೆ, ಚಕ್ರದ ಹತ್ತಿರ ಬೇರೊಬ್ಬ ಬೆವರುತ್ತಿದ್ದಾನೆ. ಅದಕ್ಕೆ ಕ್ಷಮೆಯಿಲ್ಲ. ಆಡುವವರು ಅವನನ್ನು ಕೆಳಗಿಳಿಸಲಿ. ಇಳಿಸಿ ಕೀಲಿಯನ್ನು ಬಕೆಟಿನವಳ ಕೈಗೆ ಕೊಡಲಿ. ನಾನು ಬರೆದಿಟ್ಟಿರುವ ನಾಲ್ಕನೇ ಆಟ ಅದೇ. ಕೆಳಗಿಳಿಸುವಾಗಲೂ ಅವನು ಅಳುವುದಿಲ್ಲ. ಅತ್ತರೆ ನಾವೆಲ್ಲ ಅಯ್ಯೋ ಪಾಪ ಎಂದು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತೇವೆ. ನಾಲ್ಕು ದಿನ ನೀರು ನಿಲ್ಲಿಸಿದವರು ಯಾರು ಎಂದು ಆಮೇಲೆ ಯಾರು ಕೇಳುತ್ತಾರೆ?

ನಿನಗೆ ಈ ಗಾಯದ ಖಯಾಲಿ ಎಲ್ಲಿಂದ ಬಂತೆಂದು ನನಗೆ ಗೊತ್ತು. ಹೋದ ತಿಂಗಳು ನಾದಿನಿ ಬಂದಿದ್ದಳು. ಸಂಧಾನಕ್ಕೆ ಬಂದವಳು ಚಪ್ಪಲಿ ಬಿಡುವ ಮೊದಲೇ, ಅತ್ತಿಗೆ, ಬೇಜಾರು ಮಾಡ್ಕೋಬೇಡಿ, ನಿಮಗೆ ಚಿಕ್ಕಂದಿನಲ್ಲಿ ಏನಾದ್ರೂ ಆಗಿತ್ತಾ, ಇಲ್ಲದಿದ್ರೆ ಇಷ್ಟು ಹಟ ಯಾಕೆ ಅಂತ ಅಣ್ಣ ಕೇಳ್ತಿದ್ದ, ಅಂದಳು. ಆಗಿತ್ತು ಕಣೇ, ಆರನೇ ವಯಸ್ಸಲ್ಲಿ ಮಂಗನಬಾವು ಬಂದಿತ್ತು, ಅಂದೆ. ನಗಬೇಕೋ ಬೇಡವೋ ಗೊತ್ತಾಗದೆ ನೀರು ಕುಡಿದು ಹೋದಳು. ನೀನು ಕಥಾ ವಿಭಾಗದ ಮುಖ್ಯಸ್ಥನಾದಾಗ ನಿನಗೆ ಏನಾಗಿತ್ತೆಂದು ಯಾರೂ ಕೇಳಲಿಲ್ಲ. ನಿನಗೆ ಬೇಕೆನಿಸಿದರೆ ಪ್ರತಿಭೆ. ತೂಬಿನವನಿಗೆ, ನನಗೆ, ತಾತನಿಗೆ ಬೇಕೆನಿಸಿದರೆ ರೋಗ, ಮೂಲ ಹುಡುಕಬೇಕು, ಮದ್ದು ಅರೆಯಬೇಕು.

ನಮ್ಮ ಮೈ ಸರಿಯಾಗಿದೆ. ತಾತ ಆ ಹಾಳೆಗಳನ್ನು ಓದಲು ಒಪ್ಪಿಲ್ಲ. ಬೇರೆ ನಟನನ್ನು ತರುತ್ತೀಯಾದರೆ ತಾ. ನೆಲಮಾಳಿಗೆಯಲ್ಲಿ ಅವನಿಗೆ ಮಾತು ಬರೆದುಕೊಡುವ ಕೈಗಳಿಲ್ಲ. ಈ ವಾರ ಮಾಲೀಕರು ಎರಡು ಕಥೆಗಳಲ್ಲಿ ಒಂದನ್ನು ಆರಿಸುತ್ತಾರೆ. ನಿನ್ನದು ನಿನ್ನ ಮೇಜಿನ ಮೇಲಿದೆ. ನನ್ನದನ್ನು ಅವರಿಗೇ ನೇರವಾಗಿ ತಲುಪಿಸಿದ್ದೇನೆ, ನಿನ್ನ ಸಹಿ ಕೇಳದೆ.

ನಿನ್ನ ಹೆಂಡತಿ,
ತೂಬಿನವನನ್ನು ಬರೆದವಳು

ಮರೆತು ಬಿಟ್ಟದ್ದು: ಮರೆತಿರಲಿಲ್ಲ, ಬರೆಯಲು ಹಿಂಜರಿದೆ. ಕಥೆಯ ಜೊತೆಗೆ ಇನ್ನೊಂದು ಕಾಗದವನ್ನೂ ಮಾಲೀಕರಿಗೆ ಕೊಟ್ಟಿದ್ದೇನೆ. ನಿನ್ನ ಕುರ್ಚಿ ನನಗೆ ಬೇಕೆಂದು ಅದರಲ್ಲಿದೆ. ನಿನ್ನ ಮೇಲಿನ ಸಿಟ್ಟಿಗಲ್ಲ. ನೀನು ಒಳ್ಳೆಯ ಗಂಡನಾಗಿದ್ದರೂ ಕೇಳುತ್ತಿದ್ದೆ. ನೆಲಮಾಳಿಗೆಯ ಉಳಿದ ಐವರಲ್ಲಿ ನಾಲ್ವರು ಸಹಿ ಹಾಕಿದ್ದಾರೆ. ಐದನೆಯವಳು, ಎಲ್ಲರಿಗಿಂತ ಚಿಕ್ಕವಳು, ಕೂತ ಮೇಲೆ ನೀವೂ ಹಾಗೇ ಆಗ್ತೀರ ಅಕ್ಕ, ಎಂದು ಪೆನ್ನು ವಾಪಸ್ ಕೊಟ್ಟಳು. ಆಗಲಾರೆ ಎಂದು ಆಣೆ ಇಡಲಿಲ್ಲ. ಆದರೆ ಹಾಗಾದ ದಿನ ನನಗೂ ಇಂಥದ್ದೇ ಒಂದು ಕಾಗದ ಬರೆ ಎಂದಿದ್ದೇನೆ. ಮಾಲೀಕರು ಕಥೆ ಆರಿಸುವ ಸಭೆ ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಮೂರನೇ ಮಹಡಿಯ ದೊಡ್ಡ ಕೋಣೆಯಲ್ಲಿ. ತಡ ಮಾಡಬೇಡ, ಮೊದಲು ಮಾತಾಡುವವಳು ನಾನು.