ಅಜ್ಜಿಯ ಕ್ಯಾನಿನ ನೀರು

ವತ್ಸಲಾ,

ನೀನು ಹುಟ್ಟಿದ ವರ್ಷ ಅಜ್ಜಿ ಕಮಲಾಪುರದ ಹಳೆಮನೆ ಬಿಟ್ಟು ನಗರದ ಖೂಬಾ ಪ್ಲಾಟಿನ ಈ ಮನೆಗೆ ಬರಲು ಒಪ್ಪಿರಲಿಲ್ಲ. 'ನಳದ ನೀರು ನನ್ನ ಮಡಿಗೆ ನಡಿಯೂದಿಲ್ಲ' ಅಂದರು. 'ನಿಮ್ಮ ಬಾವಿ ನೀರು ಕಡೀತನಕ ನಾನೇ ತಂದು ಕೊಡ್ತೀನ್ರೀ' ಎಂದು ನಾನು ಮಾತು ಕೊಟ್ಟ ಮೇಲೆ ಬಂದರು. ಅಂದಿನಿಂದ ಕಮಲಾಪುರದ ಶಾಲೆಯಲ್ಲಿ ಪಾಠ ಮುಗಿಸಿ ಬರುವ ಬಸ್ಸಿನಲ್ಲಿ ಬಾವಿ ನೀರಿನ ಕ್ಯಾನು ನನ್ನ ಕಾಲ ಬಳಿಯೇ ಇದೆ.

ಈ ವರ್ಷ ಅಜ್ಜಿಗೆ ಮೂರು ಸಲ ವಾಂತಿಭೇದಿ ಆಯಿತು, ನಮಗ್ಯಾರಿಗೂ ಆಗಲಿಲ್ಲ. ಸಂಶಯ ಬಂದು ಬಾವಿ ನೀರನ್ನು ಪರೀಕ್ಷೆಗೆ ಕೊಟ್ಟೆ. ಕುಡಿಯಲು ಯೋಗ್ಯವಲ್ಲ, ಕುದಿಸಿಯೂ ಬಳಸಬೇಡಿ ಎಂದು ಬಂದಿದೆ. ನಳದ ನೀರಾದರೂ ಬಟ್ಟೆಯಲ್ಲಿ ಸೋಸಿದರೆ ರಾಡಿಯಷ್ಟೇ ನಿಲ್ಲುತ್ತದೆ. ನಮ್ಮ ಫಿಲ್ಟರಿನೊಳಗಿನ ಕ್ಯಾಂಡಲ್ ಇನ್ನೂ ಸಣ್ಣದನ್ನು ಹಿಡಿಯುತ್ತದೆ. ರೋಗಾಣು ಸಾಯುವುದು ಕುದಿಸಿದಾಗಲೇ.

ನಾನು ಮೊದಲ ಬಸ್ಸಿಗೆ ಹೋಗುತ್ತೇನೆ. ನೀನು ಸ್ನಾನ ಮಾಡಿ, ಅಜ್ಜಿಯ ಪಾತ್ರೆಯಲ್ಲಿ ನಳದ ನೀರನ್ನು ಇಪ್ಪತ್ತು ನಿಮಿಷ ಕುದಿಸು. ಆರಿದ ಮೇಲೆ ಅವರ ಮಡಿ ಬಟ್ಟೆಯಲ್ಲೇ ಸೋಸು. ಫಿಲ್ಟರಿಗೆ ಹಾಕಬೇಡ, ಅದನ್ನು ಯಾರು ಮುಟ್ಟಿದ್ದಾರೋ ಎಂದು ಅವರು ಕುಡಿಯುವುದಿಲ್ಲ. ಕ್ಯಾಂಡಲ್ಲನ್ನು ತಾಮ್ರದ ತಂಬಿಗೆಯಂತೆ ಹುಣಸೆಹಣ್ಣು ಹಚ್ಚಿ ಮತ್ತೆ ತಿಕ್ಕಬೇಡ. ವಾರವೆಲ್ಲ ಹುಳಿ ನೀರು ಕುಡಿದದ್ದು ಸಾಕು.

ಕ್ಯಾನಿಗೆ ತುಂಬಿ ಬಾವಿ ನೀರೇ ಎಂದು ಹೇಳೋಣವೇ ಎಂದು ನೀನು ನಿನ್ನೆ ಕೇಳಿದೆ. ಬೇಡ. ಇಷ್ಟು ವರ್ಷ ನನ್ನನ್ನು ನಂಬಿ ಕುಡಿದವರು ಅವರು. ಸಂಜೆ ನಾನೇ ಅವರ ಎದುರು ಕೂತು ಎಲ್ಲ ಹೇಳಿದೆ. ಗೋಡೆ ಕಡೆ ತಿರುಗಿ ಮಲಗಿದರು. ಬೈದರೆ ಬೈಸಿಕೋ, ಆದರೆ ಅವರು ಕುಡಿಯುವ ತನಕ ಎದ್ದು ಬರಬೇಡ.

ಕ್ಯಾನು ಮನೆಯಲ್ಲೇ ಬಿಟ್ಟಿದ್ದೇನೆ. ಅಜ್ಜಿಗೆ ಕೊಟ್ಟ ಮಾತು ಮುರಿದಿದ್ದೇನೆ.

ಅವ್ವ