ಬೆನ್ನ ಹಿಂದಿನ ಮಾತು

ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 6.20

ಬಲಗಿವಿಗೆ ಕೆಂಪು ಚುಕ್ಕೆಯದು, ಎಡಗಿವಿಗೆ ನೀಲಿ. ಇವತ್ತು ಕನ್ನಡಿ ಇಲ್ಲದೆಯೇ ಸಿಕ್ಕಿಸಿಕೊಂಡೆ. ನಾಲ್ಕನೇ ದಿನ. ಮೇಲೆ ಕೂದಲು ಇಳಿಬಿಟ್ಟು ಕ್ಲಿಪ್ಪು. ಅತ್ತಿಗೆ ನೋಡಿದರು. "ಇದೇನೇ ಹೊಸ ಫ್ಯಾಷನ್ನು, ಈ ವಯಸ್ಸಲ್ಲಿ?" ನಲವತ್ತೇಳು ಏನು ಮಹಾ ವಯಸ್ಸು! ನಕ್ಕುಬಿಟ್ಟೆ.

ಯಾರಿಗೂ ಹೇಳಿಲ್ಲ. ಹೇಳಿದರೆ ಅಣ್ಣ ಅತ್ತಿಗೆ ಇಬ್ಬರೂ ಎರಡು ಪಕ್ಕ ನಿಂತು "ಕೇಳಿಸ್ತಾ? ಈಗ ಕೇಳಿಸ್ತಾ?" ಶುರು ಮಾಡುತ್ತಾರೆ. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋದಾಗ ಅಪ್ಪ ಒಂದು ಡಬ್ಬಿ ಮೆಷಿನ್ನು ತಂದು ಕೊರಳಿಗೆ ಕಟ್ಟಿದ್ದರು. ಬೀದಿಗೆ ಬೀದಿಯೇ ಬಂದು ನನ್ನನ್ನು ಪರೀಕ್ಷೆ ಮಾಡಿತು. ಅದು ಸಿಳ್ಳೆ ಹೊಡೆಯುತ್ತಿತ್ತೇ ಹೊರತು ಮಾತು ಕೇಳಿಸುತ್ತಿರಲಿಲ್ಲ. ಎರಡು ತಿಂಗಳು ತಡೆದೆ... ಆಮೇಲೆ ಬಾವಿಗೆ ಎಸೆದೆ. ಈ ಹೊಸ ಮೆಷಿನ್ನು ಹಾಗಲ್ಲ. ಗೋಡಂಬಿಯಷ್ಟಿದೆ. ಈ ಸಲ ಮೊದಲು ನಾನೊಬ್ಬಳೇ ಕೇಳಬೇಕು.

ಚಪ್ಪಲಿಗೆ ಸದ್ದಿದೆ. ಎಲ್ಲರ ಚಪ್ಪಲಿಗೂ! ಪೇಪರು ಮಡಿಸಿದರೆ ಸದ್ದು. ನನ್ನ ದನಿ ಇಷ್ಟು ದಪ್ಪವೇ? ಮೂವತ್ತೆಂಟು ವರ್ಷ ಪಾಪ ಇವರೆಲ್ಲ ಹೇಗೆ ಸಹಿಸಿಕೊಂಡರೋ.

ತುಟಿ ನೋಡಿ ಮಾತು ಹಿಡಿಯುವವರಿಗೆ ಪ, ಬ, ಮ ಮೂರೂ ಒಂದೇ. ಇಷ್ಟು ವರ್ಷ ನನ್ನ ಪಾಲಿಗೆ ಮಾವನೂ ಭಾವನೂ ಒಬ್ಬರೇ ಆಗಿದ್ದರು. ಈಗ ಬೇರೆ ಬೇರೆ. ಸಂಬಂಧಿಕರು ಜಾಸ್ತಿಯಾದರು!

ಶನಿವಾರ ಟೂರು. ದೇವಸ್ಥಾನಗಳು... ಸಮುದ್ರ!!

ಫೆಬ್ರವರಿ 12

ರಜೆ ಸಿಕ್ಕಿತು. ಹೊಲಿಗೆ ಯೂನಿಟ್ಟಿನಲ್ಲಿ ಇಪ್ಪತ್ತು ವರ್ಷದಿಂದ ಕಟಿಂಗ್ ಟೇಬಲ್ಲು ನನ್ನದು. ಇಷ್ಟು ವರ್ಷದಲ್ಲಿ ಆರು ದಿನದ ರಜೆ ಕೇಳಿದ್ದು ಇದೇ ಮೊದಲು. ಓನರ್ ಮೇಡಂ ನನ್ನ ಹತ್ತಿರ ಚೀಟಿಯಲ್ಲೇ ಮಾತಾಡುವುದು. "ಯಾವ ಊರಿಗೆ?" ಬರೆದರು. ಹೇಳಿದೆ. ಹುಬ್ಬು ಮೇಲೇರಿತು. ಏನೋ ಬರೆಯಲು ಹೊರಟು ಪೆನ್ನು ಮುಚ್ಚಿಟ್ಟು, "ನಿಮ್ಮಣ್ಣನಿಗೆ ಫೋನ್ ಮಾಡ್ತೀನಿ" ಅಂದರು. ಬಾಯಿಬಿಟ್ಟು. ಕೇಳಿಸಿತು. ಕೇಳಿಸದವಳ ಹಾಗೆ ನಿಂತೆ. ಯಾಕೆ ಫೋನು? ನನ್ನ ಮೇಲೆ ಏನಾದರೂ ಕಂಪ್ಲೇಂಟಾ?

ಫೆಬ್ರವರಿ 15, ಶನಿವಾರ. ಬಸ್ಸಿನಲ್ಲಿ, ಮಧ್ಯಾಹ್ನ 3

ಅಕ್ಷರ ಕುಣಿಯುತ್ತಿದೆ. ಹಿಂದಿನ ಸೀಟಿನಲ್ಲಿ ಅತ್ತಿಗೆ ಪಕ್ಕದ ಹೆಂಗಸಿಗೆ ನನ್ನ ಚರಿತ್ರೆ ಹೇಳುತ್ತಿದ್ದಾರೆ. "ಪಾಪ, ನನ್ನ ನಾದಿನಿ. ಪಾಪ, ಕಿವಿ ಕೇಳಲ್ಲ. ಮದ್ವೆನೂ ಆಗ್ಲಿಲ್ಲ, ಪಾಪ." ಎಣಿಸಿದೆ. ಹದಿನಾಲ್ಕು ಪಾಪ. ಇಷ್ಟು ಪಾಪ ತೊಳೆಯಲು ಒಂದು ಸಮುದ್ರ ಸಾಲದು.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಸ್ಸಿನ ಕಿಟಕಿ ಗಾಜು ಗಡಗಡ ಅನ್ನುವುದೇ ಒಂದು ಸಂಗೀತ!

ಗೈಡು ಎದ್ದು ನಿಂತ. ಕುಳ್ಳ, ಬಾಯಿ ಮುಚ್ಚುವುದೇ ಇಲ್ಲ. ಆಗಲೇ ಎಲ್ಲರೂ ಅವನಿಗೆ ರೇಡಿಯೋ ಅಂತ ಹೆಸರಿಟ್ಟಿದ್ದಾರೆ.

ಫೆಬ್ರವರಿ 16, ಭಾನುವಾರ

ಕೇಳಿದೆ. ಕೇಳಿದೆ. ಕೇಳಿದೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮರಳಿಗೆ ಓಡಿದೆ. ಮೊದಲಿಗೆ ಬರೀ ಗಾಳಿಯ ಭೋರ್ ಭೋರ್. ಕಿವಿ ಡಾಕ್ಟರ್ ಹುಡುಗಿ ಹೇಳಿದ್ದಳು, ಗಾಳಿ ಮೆಷಿನ್ನಿಗೆ ಆಗದು ಅಂತ. ಅಳು ಬರುವ ಹಾಗಾಯಿತು. ಆಮೇಲೆ ಗಾಳಿಗೆ ಬೆನ್ನು ಹಾಕಿ, ಎರಡೂ ಕಿವಿಗೆ ಅಂಗೈ ಮರೆ ಮಾಡಿ ನಿಂತೆ. ಆಗ ಬಂತು ಅಲೆಯ ಸದ್ದು! ಇಡೀ ಥಾನು ಬಟ್ಟೆ ಈ ತುದಿಯಿಂದ ಆ ತುದಿಗೆ ಒಂದೇ ಏಟಿಗೆ ಹರಿದ ಹಾಗೆ. ಹರಿದದ್ದನ್ನು ಯಾರೋ ಸರಸರ ಎಳೆದುಕೊಂಡು ಹೋದ ಹಾಗೆ. ಮತ್ತೆ ಹರಿ, ಮತ್ತೆ ಎಳೆ. ಎಷ್ಟು ಬಟ್ಟೆ ಅಪ್ಪಾ ಇದರ ಹತ್ತಿರ!

ದೊಡ್ಡ ದೇವಸ್ಥಾನ. ಬಾಗಿಲಲ್ಲಿ ತೂಗುಹಾಕಿದ ಗಂಟೆ. ಒಂದು ಸಲ ಹೊಡೆದೆ. ಮೈ ಜುಂ ಅಂತು. ಎರಡು. ಮೂರು. ನಾಲ್ಕು. ಹಿಂದೆ ಕ್ಯೂನಲ್ಲಿದ್ದ ಅಜ್ಜ, "ಸಾಕು ಬಿಡಮ್ಮಾ, ದೇವ್ರೇನು ಕಿವುಡಾ?" ಅಂದ.

ತಿರುಗಿ ಹೇಳಿದೆ, "ಅವನಲ್ಲ ಅಜ್ಜ, ನಾನು."

ಅಜ್ಜನಿಗೆ ಏನು ಅರ್ಥವಾಯಿತೋ. ಪಕ್ಕಕ್ಕೆ ಸರಿದು, "ಹಂಗಾದ್ರೆ ಇನ್ನೊಂದು ಹೊಡಿ" ಅಂದ. ಹೊಡೆದೆ.

ಅದೇ ದಿನ, ಸಂಜೆ

ರೇಡಿಯೋ ಮೂರು ದೇವಸ್ಥಾನ ತೋರಿಸಿದ. ಮೂರಕ್ಕೂ ಒಂದೇ ಕಥೆ. ರಾಜನ ಕನಸಿನಲ್ಲಿ ದೇವರು ಬಂದ, ರಾಜ ನೆಲ ಅಗೆಸಿದ, ವಿಗ್ರಹ ಸಿಕ್ಕಿತು. ರಾಜನ ಹೆಸರು ಮಾತ್ರ ಬೇರೆ. ಬೇರೆ ಯಾರಿಗೂ ಗೊತ್ತಾಗಲಿಲ್ಲ. ಕಿವಿ ಇದ್ದವರು ಯಾರು ಸ್ವಾಮಿ ಕೇಳಿಸಿಕೊಳ್ಳುತ್ತಾರೆ?

ಕೊನೆಗೆ ಗುಹೆಯ ದೇವಸ್ಥಾನ. "ನಿಮ್ಮ ಹೆಸರು ಕೂಗಿ, ಬಂಡೆ ವಾಪಸ್ ಹೇಳುತ್ತೆ" ಅಂದ. ಎಲ್ಲರೂ ಹೊರಗೆ ಹೋಗುವವರೆಗೆ ಕಾದೆ. ಕೂಗಿದೆ. ಬಂಡೆ ವಾಪಸ್ ಕೂಗಿತು. ನನ್ನ ಹೆಸರು ಇಷ್ಟು ಚೆನ್ನಾಗಿದೆ ಅಂತ ಗೊತ್ತಿರಲಿಲ್ಲ!

ಫೆಬ್ರವರಿ 17, ಸೋಮವಾರ. ಮಧ್ಯಾಹ್ನ 2.30

ಆದದ್ದು ಆದ ಹಾಗೆ ಬರೆದುಬಿಡುತ್ತೇನೆ.

ಊಟ ಆಗಿತ್ತು. ಲಾಡ್ಜಿನ ರೂಮಿನಲ್ಲಿ ನಾನು ಕಿಟಕಿಗೆ ಒದ್ದೆ ಟವೆಲ್ಲು ಹಾಕುತ್ತಿದ್ದೆ, ಅವರಿಗೆ ಬೆನ್ನು ಮಾಡಿ. ನನ್ನ ಬೆನ್ನು ಕಂಡರೆ ಮನೆಯಲ್ಲಿ ಎಲ್ಲರೂ ಎಲ್ಲವನ್ನೂ ಮಾತಾಡುತ್ತಾರೆ. ಗೋಡೆಯ ಹಾಗೆ ನಾನು.

ಅತ್ತಿಗೆ: "ಅವ್ಳಿಗೆ ಒಂದು ಮಾತು ಹೇಳ್ರೀ."

ಅಣ್ಣ: "ಏನಂತ ಹೇಳ್ಲಿ?"

"ಮೇಡಂ ಹೇಳಿದ್ದೇ. ಈ ಊರಲ್ಲಿ ಹೊಸ ಯೂನಿಟ್ ಶುರು ಆಗ್ತಿದೆ, ಲಾಡ್ಜುಗಳಿಗೆ ಬೆಡ್‌ಶೀಟು ಕರ್ಟನ್ನು ಹೊಲಿಯೋದು, ನೀನೇ ಸೂಪರ್‌ವೈಸರ್ ಅಂತೆ ಅಂತ. ಇಲ್ಲೇ ಇದೀವಿ. ದೀಪಸ್ತಂಭದ ಹಿಂದಿನ ಬೀದಿ, ಹಸಿರು ಗೇಟು. ಜಾಗನಾದ್ರೂ ತೋರಿಸಿ."

"ತೋರಿಸಿ ಆಸೆ ಹುಟ್ಟಿಸ್ಲಾ? ಒಬ್ಳೇ ಹೇಗಿರ್ತಾಳೆ? ಹಾರ್ನ್ ಕೇಳಿಸಲ್ಲ ಅವ್ಳಿಗೆ. ಅವತ್ತು ವ್ಯಾನು ಬಂದಾಗ ನಾನು ಎಳೀದೇ ಇದ್ದಿದ್ರೆ? ನನ್ನ ಮೊಣಕೈ ಇವತ್ತಿಗೂ ನೆಟ್ಟಗಾಗಲ್ಲ."

"ಅದಾಗಿ ಇಪ್ಪತ್ತೈದು ವರ್ಷ ಆಯ್ತು. ನಿಮ್ಮ ಮೊಣಕೈಗೋಸ್ಕರ ಅವ್ಳು ಮನೇಲೇ ಕೂರ್ಬೇಕಾ?"

"ಬುಧವಾರ ಮೇಡಂ ಫೋನ್ ಮಾಡ್ತಾರೆ. ಬೇಡ ಅಂತೀನಿ. ಮುಗೀತು."

ಟವೆಲ್ಲು ಹಾಕಿದೆ. ತೆಗೆದೆ. ಮತ್ತೆ ಹಾಕಿದೆ. ನಾನು ಸೂಪರ್‌ವೈಸರ್! ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು ಅಂದರೆ, ಅವರಿಗೂ ಕೇಳಿಸೀತು ಅಂತ ಭಯವಾಯಿತು.

ಮತ್ತೆ ಅತ್ತಿಗೆ... ಹದಿನಾಲ್ಕು ಪಾಪದ ಅತ್ತಿಗೆ. ನನ್ನ ಪರವಾಗಿ ಆ ಮನೆಯಲ್ಲಿ ಇನ್ನೂ ಎಷ್ಟು ಸಲ ಜಗಳ ಆಡಿದ್ದಾರೋ, ನನ್ನ ಬೆನ್ನ ಹಿಂದೆ.

ಫೆಬ್ರವರಿ 18

ಪಿನ್ನು ತರುತ್ತೇನೆ ಅಂತ ಸುಳ್ಳು ಹೇಳಿ ಹೋದೆ. ದೀಪಸ್ತಂಭ, ಹಿಂದಿನ ಬೀದಿ, ಹಸಿರು ಗೇಟು. ಬೀಗ ಹಾಕಿತ್ತು. ಕಿಟಕಿಯ ಸರಳು ಹಿಡಿದು ಇಣುಕಿದೆ. ಹನ್ನೆರಡು ಮೆಷಿನ್ನು, ಪ್ಲಾಸ್ಟಿಕ್ ಹೊದ್ದು ಮಲಗಿವೆ. ಉತ್ತರದ ಕಿಟಕಿಗೆ ಕಟಿಂಗ್ ಟೇಬಲ್ಲು—ಹತ್ತಡಿಗೆ ಕಮ್ಮಿ ಇಲ್ಲ! ನಮ್ಮಲ್ಲಿರುವುದು ಆರಡಿ, ಅದೂ ಒಂದು ಕಾಲಿಗೆ ಇಟ್ಟಿಗೆ. ಬೆಳಕು ಟೇಬಲ್ಲಿನ ಮೇಲೆ ಇಸ್ತ್ರಿ ಮಾಡಿದ ಹಾಗೆ ಬಿದ್ದಿತ್ತು, ಒಂದು ಸುಕ್ಕಿಲ್ಲದೆ.

ವಾಪಸ್ ಬರುವಾಗ ಹಿಂದಿನಿಂದ ಹಾರ್ನು. ಪಕ್ಕಕ್ಕೆ ಸರಿದೆ. ಸ್ಕೂಟರ್ ಹೋಯಿತು. ಅಷ್ಟೇ. ಇಷ್ಟು ಸುಲಭ! ರಸ್ತೆಯಲ್ಲೇ ನಗು ಬಂತು.

ಪಿನ್ನು ತರಲು ಮರೆತೆ. ಅತ್ತಿಗೆ ಏನೂ ಕೇಳಲಿಲ್ಲ.

ಫೆಬ್ರವರಿ 19, ಬುಧವಾರ

ಹೇಳಿಬಿಟ್ಟೆ.

ಬೆಟ್ಟದ ದೇವಸ್ಥಾನ. ಸಮುದ್ರದೊಳಗೆ ಚಾಚಿಕೊಂಡ ಬಂಡೆಯ ಮೇಲೆ ಗುಡಿ, ಇನ್ನೂರ ಹನ್ನೆರಡು ಮೆಟ್ಟಿಲು. ಕೆಳಗೆ ಅಲೆ ಬಂಡೆಗೆ ಗುದ್ದುತ್ತಿತ್ತು. ನಾನು ಮುಂದೆ, ನಾಲ್ಕು ಮೆಟ್ಟಿಲು ಕೆಳಗೆ ಅಣ್ಣ, ಅವನ ಹಿಂದೆ ಅತ್ತಿಗೆ ಏದುಸಿರು ಬಿಡುತ್ತಾ. ಅಣ್ಣನ ಫೋನು ಬಂತು.

"ಹಾಂ ಮೇಡಂ... ಕೇಳ್ದೆ ಮೇಡಂ. ಅವ್ಳಿಗೆ ಇಷ್ಟ ಇಲ್ಲ ಅಂದ್ಲು."

ಬೇಡ ಅಂತ ಅವನೇ ಹೇಳಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ನನ್ನ ಬಾಯಲ್ಲಿ ಅವನ ಮಾತು ಹಾಕಿದ. ತಿರುಗಲಿಲ್ಲ. ಗುಡಿಯ ಕಡೆ ನೋಡುತ್ತಲೇ ಕೇಳಿದೆ:

"ಅಣ್ಣಾ, ನಾನು ಯಾವಾಗ ಹಾಗಂದೆ?"

ಹಿಂದೆ ಹೆಜ್ಜೆ ನಿಂತವು. ಎರಡು ಅಲೆ ಬಂದು ಹೋದವು. ಆಮೇಲೆ ಅವನು, ಉಸಿರಿಗಿಂತ ಸಣ್ಣ ದನಿಯಲ್ಲಿ: "...ಕೇಳಿಸ್ತಾ?"

"ಕೇಳಿಸ್ತು."

ತಿರುಗಿ ಕೂದಲು ಎತ್ತಿ ತೋರಿಸಿದೆ. ಅತ್ತಿಗೆ "ಅಯ್ಯಯ್ಯಯ್ಯೋ" ಅಂತ ಮೆಟ್ಟಿಲ ಮೇಲೇ ಕೂತರು. ಅಣ್ಣನ ಕೈಯಲ್ಲಿ ಫೋನು "ಹಲೋ, ಹಲೋ" ಅನ್ನುತ್ತಿತ್ತು. ಕಿತ್ತುಕೊಂಡೆ. ಕಿವಿಗಿಟ್ಟರೆ ಕುಯ್ಯೋ ಅಂತು. ಮೆಷಿನ್ನು ಇರುವ ಕಡೆಗೆ ಸ್ವಲ್ಪ ಮೇಲೆ ಹಿಡಿದೆ. ಸರಿಹೋಯಿತು.

"ಹಲೋ." ಬದುಕಿನ ಮೊದಲ ಹಲೋ!

"ಯಾರ್ರೀ ಅದು?"

"ನಿಮ್ಮ ಕಟಿಂಗ್ ಟೇಬಲ್ಲಿನವಳು ಮೇಡಂ. ನಂಗೆ ಇಷ್ಟ ಇದೆ. ಆ ಹತ್ತಡಿ ಟೇಬಲ್ಲು ಕಿಟಕಿ ಹತ್ರಾನೇ ಇರ್ಲಿ, ಯಾರೂ ಸರಿಸೋದು ಬೇಡ."

ಆ ಕಡೆ ಮೇಡಂ ನಕ್ಕರು. "ಚೀಟಿ ಬರ್ದು ಬರ್ದು ನನ್ನ ಕೈ ಬಿದ್ದುಹೋಗಿತ್ತು ಮಾರಾಯ್ತಿ. ಮಾರ್ಚ್ ಹತ್ತಕ್ಕೆ ಬಂದುಬಿಡು."

ಅಣ್ಣ ಒಂದೇ ಮಾತು ಕೇಳಿದ. "ಎಷ್ಟು ದಿನದಿಂದ?"

"ಇವತ್ತಿಗೆ ಹನ್ನೆರಡು."

ಹನ್ನೆರಡು ದಿನ ನನ್ನ ಬೆನ್ನ ಹಿಂದೆ ಏನೇನು ಆಡಿದ್ದನೋ ಎಲ್ಲ ಅವನ ಮುಖದ ಮೇಲೆ ಹಾದುಹೋಯಿತು. ಫೋನು ಇಸಿದುಕೊಂಡು ಕೆಳಗಿಳಿದು ಹೋದ. ದೇವರನ್ನೂ ನೋಡಲಿಲ್ಲ.

ನಾನೂ ಅತ್ತಿಗೆಯೂ ಹತ್ತಿದೆವು. ನೂರಾ ಎಂಬತ್ತನೇ ಮೆಟ್ಟಿಲಲ್ಲಿ ಅತ್ತಿಗೆ ನಿಂತರು. "ಬಸ್ಸಲ್ಲಿ ನಾನು ಆಡಿದ್ದೂ..."

"ಹದಿನಾಲ್ಕು ಪಾಪ. ಎಣಿಸಿದೀನಿ."

ಸೆರಗು ಬಾಯಿಗಿಟ್ಟುಕೊಂಡರು. ಅಳುವೋ ನಗುವೋ ತಿಳಿಯಲಿಲ್ಲ.

"ರೂಮಲ್ಲಿ ಆಡಿದ್ದೂ ಕೇಳಿಸ್ತು ಅತ್ತಿಗೆ. ಅದಕ್ಕೇ ಹದಿನಾಲ್ಕೂ ಮಾಫಿ."

ಗುಡಿಯಲ್ಲಿ ಏನೂ ಬೇಡಿಕೊಳ್ಳಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದೆವು. ಒಳಗೆ ದೀಪದ ಬತ್ತಿ ಚಟಪಟ ಅನ್ನುತ್ತಿತ್ತು. ಅದನ್ನೇ ಕೇಳಿದೆ.

ಫೆಬ್ರವರಿ 26

ಮನೆ. ಒಂದು ವಾರದಿಂದ ಅಣ್ಣನ ಮಾತಿಲ್ಲ. ನನಗೆ ಹೇಳಬೇಕಾದ್ದನ್ನು ಅತ್ತಿಗೆಗೆ ಹೇಳುತ್ತಾನೆ. ಅತ್ತಿಗೆಗೆ ಹೇಳಬೇಕಾದ್ದಕ್ಕೆ ಅವರನ್ನು ತಾರಸಿಗೆ ಕರೆದುಕೊಂಡು ಹೋಗುತ್ತಾನೆ. ಮೊಣಕಾಲು ನೋವಿನ ಅತ್ತಿಗೆ ದಿನಕ್ಕೆ ಐದು ಸಲ ಮೆಟ್ಟಿಲು ಹತ್ತುತ್ತಾರೆ. ಇವತ್ತು ರೇಗಿ, "ನಿಮ್ಮ ತಂಗಿಗೆ ಕಿವಿ ಬಂದಿದ್ದಕ್ಕೆ ನಂಗೆ ಕಾಲು ಹೋಗುತ್ತೆ!" ಅಂದರು.

ಸಂಜೆ ಟ್ರಂಕು ತುಂಬುತ್ತಿದ್ದೆ. ಅಣ್ಣ ಬಂದು ಬಾಗಿಲಿಗೆ ಒರಗಿದ. ನನ್ನ ಮುಖ ನೋಡದೆ ಮಾತಾಡಿದ. ಅವನು ಹಾಗೆ ಮಾತಾಡಿದ್ದು ಇದೇ ಮೊದಲು. ಇಷ್ಟು ವರ್ಷ ನನ್ನೆದುರು ನಿಂತು, ಬಾಯಿ ಅಗಲ ಮಾಡಿ, ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದವನು.

"ನೀನು ಆ ಡಬ್ಬಿ ಬಾವಿಗೆ ಹಾಕ್ದೆಯಲ್ಲ. ಅಪ್ಪ ಯಾರು ಅಂತ ಕೇಳಿದ್ರು. ನಾನೇ ಬೀಳಿಸ್ದೆ ಅಂದೆ. ಬೆನ್ನು ಮುರಿಯೋ ಹಾಗೆ ಬಿತ್ತು ಏಟು. ನೀನು ಒಳಗೇ ಇದ್ದೆ, ನಿಂಗೆ ಕೇಳಿಸ್ಲಿಲ್ಲ."

ನನ್ನ ಕೈಯಲ್ಲಿದ್ದ ಬಟ್ಟೆ ಹಾಗೇ ಉಳಿಯಿತು.

"ಅವತ್ತಿಂದ ನಿನ್ನ ಕಿವಿ ನಾನು ಅಂದ್ಕೊಂಡಿದ್ದೆ. ನೀನು ಹೊಸದು ತಂದ್ಕೊಂಡೆ. ನಂಗೆ ಹೇಳ್ಲೂ ಇಲ್ಲ. ಈಗ ನಂಗೇನು ಕೆಲ್ಸ, ಹೇಳು?"

ತಪ್ಪು ನನ್ನದೂ ಇತ್ತು. ಅವನಿಗೆ ಮೊದಲು ಹೇಳಬೇಕಿತ್ತು. ಹೇಳಿದೆ, ಅದನ್ನೂ ಹೇಳಿದೆ.

ಆಮೇಲೆ ಅಂದೆ, "ಟ್ರಂಕು ಭಾರ ಇದೆ. ಹೊರೋಕೆ ಬಾ."

ಬಂದು ಒಂದು ತುದಿ ಎತ್ತಿ ನೋಡಿದ. "ಇದ್ರಲ್ಲಿ ಕಲ್ಲು ತುಂಬಿದ್ಯೇನೇ?" ಬೈದ. ನಿಜವಾಗಿಯೂ, ಜೋರಾಗಿ ಬೈದ! ಅಡುಗೆಮನೆಯಲ್ಲಿ ಅತ್ತಿಗೆ "ಸದ್ಯ" ಅಂದದ್ದು ಕೇಳಿಸಿತು.

ಮಾರ್ಚ್ 10, ಸೋಮವಾರ. ಬೆಳಿಗ್ಗೆ 8.40

ಹೊಸ ಯೂನಿಟ್ಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಕೀ ನನ್ನ ಸೊಂಟದಲ್ಲಿ. ಮೊದಲ ಸಲ ನನ್ನದೇ ಬಾಡಿಗೆ ರೂಮು, ಮೇಲಿನ ಮಹಡಿ, ಕಿಟಕಿ ತೆಗೆದರೆ ಸಮುದ್ರ. ಅಣ್ಣ ಎರಡು ದಿನ ಇದ್ದು ಹೋದ. ರೂಮಿನಿಂದ ಇಲ್ಲಿಗೆ ಎಷ್ಟು ರಸ್ತೆ ದಾಟಬೇಕು ಅಂತ ನಾಲ್ಕು ಸಲ ನಡೆದು ನೋಡಿದ. ಅವತ್ತು ಅರ್ಧಕ್ಕೇ ಬಿಟ್ಟು ಇಳಿದಿದ್ದ ಬೆಟ್ಟದ ಮೆಟ್ಟಿಲನ್ನೂ ಹತ್ತಿ ಬಂದ, ಒಬ್ಬನೇ. ದೇವರ ಹತ್ತಿರ ಏನು ಕೇಳಿದೆ ಅಂದರೆ, "ಬೈದು ಬಂದೆ" ಅಂದ.

ಎಲ್ಲ ಮೆಷಿನ್ನಿಗೂ ಎಣ್ಣೆ ಹಾಕಿದೆ. ಸೀಮೆಸುಣ್ಣ, ಕತ್ತರಿ, ಟೇಪು. ಒಂಬತ್ತಕ್ಕೆ ಹನ್ನೊಂದು ಹೆಂಗಸರು ಬರುತ್ತಾರೆ. ಅವರಿಗೆ ಏನು ಹೇಳಬೇಕು ಅಂತ ನಿನ್ನೆ ಮರಳಿನಲ್ಲಿ ನಡೆಯುತ್ತಾ ಗಟ್ಟಿಯಾಗಿ ಪ್ರಾಕ್ಟೀಸ್ ಮಾಡಿದೆ. ಮೊದಲ ಸಾಲೇ ಮರೆತುಹೋಗಿದೆ. ಇರಲಿ.

ಗೇಟಿನ ಹತ್ತಿರ ಚಪ್ಪಲಿ ಸದ್ದು. ಇಬ್ಬರೋ ಮೂವರೋ. ಬೇಗನೇ ಬಂದಿದ್ದಾರೆ! "ಮೇಡಂ ಬಂದ್ರಾ?" ಅಂತ ಒಬ್ಬಳು ಕೇಳುತ್ತಿದ್ದಾಳೆ. ಓನರ್ ಮೇಡಂ ಇವತ್ತು ಬರುವುದಿಲ್ಲವಲ್ಲ, ಯಾರೂ ಹೇಳಿಲ್ಲವೇ ಇವರಿಗೆ... "ಒಳಗೆ ಏನೋ ಬರೀತಾ ಕೂತಿದಾರೆ, ಸುಮ್ನಿರೇ" ಅಂತ ಇನ್ನೊಬ್ಬಳು.

ಅಯ್ಯೋ. ಇವರು ನನ್ನನ್ನೇ—