ಎಡಗಡೆಯಿಂದ ಎರಡು ಪದ

ಭಾನುವಾರ, ತಾರೀಖು ಹದಿನಾಲ್ಕು
ಬೆಳಗಿನ ಹತ್ತು ಗಂಟೆ

ನಮ್ಮ ನಾಟಕ ಕಂಪನಿಯ ಪಿಸುಮಾತಮ್ಮನಿಗೆ ಗುಡುಗಪ್ಪನ ನಮಸ್ಕಾರ!

ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡ, ತಾಯಿ. ಏಳು ವರ್ಷದ ಮೇಲೆ ಈ ಗಂಡನೆಂಬ ಪ್ರಾಣಿಗೆ ಏನು ಬಂತು ಎಂದು ನೀನು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಹುಬ್ಬು ಹಾರಿಸುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ಬಂದದ್ದು ಕೆಲಸ! ಕಾಯಂ ಕೆಲಸ! ಮೊನ್ನೆ ಶುಕ್ರವಾರ ಖಚಿತವಾಯಿತು. ಅದಕ್ಕೆ ಕಾರಣ ನೀನು. ಆದ್ದರಿಂದ ಇದು ಬರೀ ಕೃತಜ್ಞತೆಯ ಕಾಗದ, ಬೇರೆ ಉದ್ದೇಶ ಏನೂ ಇಲ್ಲ. ಮೊದಲೇ ಹೇಳಿಬಿಟ್ಟೆ.

ಕಂಪನಿ ಮುಚ್ಚಿದ ಮೇಲೆ ನಾನು ಮಗಳ ಮನೆಯ ಸೋಫಾದ ಮೇಲೆ ಎರಡು ವರ್ಷ ಚಕ್ರವರ್ತಿಯಾಗಿ ಮೆರೆದದ್ದು ನಿನಗೆ ಗೊತ್ತೇ ಇದೆ. ಅಳಿಯ ಟೀವಿ ಹಾಕಿದರೆ ನನ್ನ ಕಾಲು ಅಡ್ಡ, ಮೊಮ್ಮಗಳು ಆಡಹೋದರೆ ನನ್ನ ಹಾಸಿಗೆ ಅಡ್ಡ. ಕೊನೆಗೆ ಈ ದೊಡ್ಡ ಆಸ್ಪತ್ರೆಯವರು ಟೆಲಿಫೋನ್ ಆಪರೇಟರ್ ಬೇಕು ಎಂದಾಗ ನನ್ನ ಕಂಠ ಕೇಳಿಯೇ ತೆಗೆದುಕೊಂಡರು. ಮೂರು ತಿಂಗಳ ಪರೀಕ್ಷೆ. ಗೆದ್ದರೆ ಕೆಲಸವೂ ನನ್ನದು, ಆಸ್ಪತ್ರೆಯ ಹಿಂದಿನ ಒಂದು ಕೋಣೆಯೂ ನನ್ನದು; ಸೋತರೆ ಮತ್ತೆ ಸೋಫಾ. ಆದರೆ ಹತ್ತು ಭಾಷೆಯವರು ಬರುವ ಜಾಗ, ಕರೆಗಳೆಲ್ಲ ಇಂಗ್ಲಿಷಿನಲ್ಲಿ!

ಮೊದಲ ದಿನವೇ ಅನಾಹುತ. ಯಾರೋ ಹೆಣ್ಣುಮಗಳು ಡಾಕ್ಟರನ್ನು ಕೇಳಿದಳು. ಸ್ವಲ್ಪ ತಾಳಿ ಎನ್ನುವುದಕ್ಕೆ ‘ಹೋಲ್ಡ್ ಆನ್’ ಎನ್ನಬೇಕೆಂದು ಕಲಿಸಿದ್ದರು. ಅಂದೆ. ಅರಮನೆಯ ಬಾಗಿಲು ಅಲುಗುವಂತೆ ಅಂದೆ! ಆ ತಾಯಿ ಹೆದರಿ ಫೋನು ಇಟ್ಟಳು. ನಮ್ಮ ಮೇಲ್ವಿಚಾರಕಿ ಹೆಡ್‌ಫೋನ್ ತೆಗೆದು ಕಿವಿ ಉಜ್ಜಿಕೊಳ್ಳುತ್ತಾ, ಅಣ್ಣಾ, ಇದು ಆಸ್ಪತ್ರೆ, ರಣರಂಗ ಅಲ್ಲ, ಹೀಗೆ ಕೂಗಿದ್ರೆ ಯಾರೂ ತಾಳಲ್ಲ, ಮಲಗಿದ ರೋಗಿಗಳೂ ಎದ್ದು ಓಡ್ತಾರೆ ಅಂದಳು. ಎರಡನೇ ವಾರಕ್ಕೆ ನನ್ನ ಅಂಕದ ಹಾಳೆಯಲ್ಲಿ ತಪ್ಪಿನ ಕೆಂಪು ಗೆರೆ ಒಂಬತ್ತು.

ಆಗ ಮಗಳ ಕೈಯಲ್ಲಿ ಬಂತು ನಿನ್ನ ನೋಟ್‌ಬುಕ್. ಯಾರು ಬರೆದದ್ದು ಅಂತ ಹೇಳಬಾರದಂತೆ ಅಪ್ಪಾ, ಆಣೆ ಹಾಕಿಸಿಕೊಂಡಿದ್ದಾರೆ ಅಂತ ಮಗಳು ನುಲಿದಳು. ಹತ್ತೊಂಬತ್ತು ವರ್ಷ ಆ ಅಕ್ಷರದಿಂದಲೇ ಹೊಟ್ಟೆ ಹೊರೆದವನು ನಾನು, ನನಗೆ ಗೊತ್ತಾಗುವುದಿಲ್ಲವೇ? ರಂಗದ ಎಡಬದಿಯ ಕತ್ತಲಲ್ಲಿ ನಿಂತು ನೀನು ನನಗೆ ಮಾತು ಹೇಳಿಕೊಡುತ್ತಿದ್ದ ನಾಟಕದ ಪ್ರತಿಯ ಹಾಗೆಯೇ, ಎದುರು ಪಾತ್ರದ ಮಾತು ಕೆಂಪು ಪೆನ್ಸಿಲಿನಲ್ಲಿ, ನನ್ನ ಮಾತು ನೀಲಿಯಲ್ಲಿ!

ಏನು ವಿದ್ಯೆ, ಮಹಾರಾಯಿತಿ! ಒಂದು ಕುಳ್ಳ ಪದದ ಬಾಲಕ್ಕೆ ಇನ್ನೊಂದು ಕುಳ್ಳ ಪದ ಕಟ್ಟಿದರೆ ವೇಷವೇ ಬದಲು. ‘ಪುಟ್’ ಎಂದರೆ ಇಡು. ‘ಪುಟ್ ಥ್ರೂ’ ಎಂದರೆ ಲೈನು ಜೋಡಿಸು. ‘ಪುಟ್ ಆಫ್’ ಎಂದರೆ ಮುಂದೂಡು. ವ್ಯಾಕರಣ ಕಲಿಸಿದ್ದರೆ ನಾನು ಗೊರಕೆ ಹೊಡೆಯುತ್ತಿದ್ದೆ. ನೀನು ದೃಶ್ಯ ಬರೆದೆ. ಪಾತ್ರ: ಗಾಬರಿಗೊಂಡ ತಂದೆ. ಸಂದರ್ಭ: ಮಗ ಸೈಕಲ್ಲಿನಿಂದ ಬಿದ್ದಿದ್ದಾನೆ. ನೀಲಿಯಲ್ಲಿ ನಾನು: ಪ್ಲೀಸ್ ಕಾಮ್ ಡೌನ್, ಸರ್. ಪಕ್ಕದಲ್ಲಿ ಸೂಚನೆ: ಸಮಾಧಾನ ಹೇಳುವವನು ಮೊದಲು ತಾನು ಸಮಾಧಾನವಾಗಿರಬೇಕು, ಕಿರುಚಬಾರದು. ಸಹಿಸಿಕೊಳ್ಳುವುದಕ್ಕೆ ‘ಪುಟ್ ಅಪ್ ವಿತ್’ ಎಂದು ಕಲಿಸಿ, ಹತ್ತೊಂಬತ್ತು ವರ್ಷ ಈ ಗದ್ದಲ ಸಹಿಸಿಕೊಂಡೆ ಎಂಬ ವಾಕ್ಯವನ್ನೇ ಉದಾಹರಣೆ ಕೊಟ್ಟಿದ್ದೀಯಲ್ಲ! ಊಟದ ಡಬ್ಬಿ ಮುಂದಿಟ್ಟುಕೊಂಡು ಒಬ್ಬನೇ ನಕ್ಕೆ. ಮೇಲ್ವಿಚಾರಕಿಗೂ ಓದಿಸಿದೆ. ನಿಮ್ಮ ಮನೆಯವರ ಮೇಲೆ ನನಗೆ ಗೌರವ ಬಂತಣ್ಣ ಅಂದಳು. ಮನೆಯವರು ಎಂದದ್ದು ಅವಳು, ನಾನು ತಿದ್ದಲಿಲ್ಲ, ಅಷ್ಟೇ.

ಎಪ್ಪತ್ತೆರಡು ದೃಶ್ಯ ಬಾಯಿಪಾಠ ಮಾಡಿದೆ. ಕೆಂಪು ಗೆರೆ ಕಡಿಮೆಯಾದವು.

ಬಂತು ಕೊನೆಯ ದಿನ, ಶುಕ್ರವಾರ. ಮೇಲ್ವಿಚಾರಕಿ ಎರಡನೇ ಹೆಡ್‌ಫೋನ್ ಹಾಕಿಕೊಂಡು, ಅಂಕದ ಹಾಳೆ ಹಿಡಿದು ಬಲಕ್ಕೆ ಕೂತಳು. ಹನ್ನೊಂದು ಕರೆ ನಿರ್ವಿಘ್ನ. ಹನ್ನೆರಡನೆಯದು... ಮೌನ. ಬರೀ ಉಸಿರು. ಮುದುಕರ ಉಸಿರು. ಮತ್ತೆ ‘ಐ... ಐ...’ ಎಂದು ನಿಂತಿತು.

ನಾನು ಕಲ್ಲಾದೆ! ಎಪ್ಪತ್ತೆರಡು ದೃಶ್ಯದಲ್ಲೂ ಕೆಂಪು ಮಾತು ಬಂದ ಮೇಲೆ ತಾನೇ ನನ್ನ ನೀಲಿ ಮಾತು? ಇಲ್ಲಿ ಕೆಂಪೇ ಇಲ್ಲ. ಹತ್ತು ಸೆಕೆಂಡು ಮಾತಿಲ್ಲದಿದ್ದರೆ ಲೈನು ಕತ್ತರಿಸಬೇಕೆಂಬುದು ಇಲ್ಲಿನ ನಿಯಮ. ಮೇಲ್ವಿಚಾರಕಿ ಬೆರಳನ್ನು ಕತ್ತರಿ ಮಾಡಿ ತೋರಿಸಿದಳು. ನಾನು ಹಳೆಯ ಚಾಳಿಯಂತೆ ಎಡಕ್ಕೆ ತಿರುಗಿದೆ. ಅಲ್ಲಿ ಸೈಡ್ ವಿಂಗ್ ಇಲ್ಲ, ನೀನಿಲ್ಲ. ಒಂದು ಕಬ್ಬಿಣದ ಬೀರು ನಿಂತಿತ್ತು.

ಆ ಕ್ಷಣದಲ್ಲಿ ಹೊಳೆಯಿತು, ಪಿಸುಮಾತಮ್ಮ. ಮಾತು ಮರೆತು ರಂಗದ ಮೇಲೆ ನಿಂತವನು ನಾನಲ್ಲ. ಆ ಕಡೆ ನಿಂತಿದ್ದಾನಲ್ಲ, ಅವನು! ಇವತ್ತು ಎಡಗಡೆಯ ಕತ್ತಲಲ್ಲಿ ಇರುವವನು ನಾನು!

ನಿನ್ನ ಸೂತ್ರ ನೆನಪಾಯಿತು: ಎರಡೇ ಪದ ಕೊಡು, ಆಮೇಲೆ ಬಾಯಿ ಮುಚ್ಚು, ಮೂರನೆಯದು ನಟನದು. ದನಿಯನ್ನು ಇಳಿಸಿದೆ. ಜನ್ಮದಲ್ಲಿ ಮೊದಲ ಸಲ ಪಿಸುಗುಟ್ಟಿದೆ. ‘ಲುಕಿಂಗ್ ಫಾರ್...’ ಅಂದೆ. ಯಾರನ್ನು ಹುಡುಕುತ್ತಿದ್ದೀರಿ ಎಂದು ಪೂರ್ತಿ ಕೇಳಲಿಲ್ಲ. ಬಾಯಿ ಮುಚ್ಚಿದೆ.

ಅಯ್ಯೋ, ಆ ಕಾಯುವುದು! ನಾಲ್ಕು ಸೆಕೆಂಡೋ ನಾಲ್ಕು ಯುಗವೋ. ನಾಲಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ.

‘ಮೈ ವೈಫ್’ ಎಂದಿತು ಆ ದನಿ.

‘ಬ್ರಾಟ್ ಇನ್...’ ಅಂದೆ, ಯಾವಾಗ ಕರೆತಂದರು ಎಂಬರ್ಥಕ್ಕೆ. ನಿನ್ನೆ, ಮೆಟ್ಟಿಲಿನಿಂದ ಬಿದ್ದು ಎಂದು ಬಂತು. ನಿನ್ನೆಯಿಂದ ನಾಲ್ಕು ಸಲ ಫೋನು ಮಾಡಿದ್ದನಂತೆ, ಮಾತು ಹೊರಡುವಷ್ಟರಲ್ಲಿ ನಾಲ್ಕು ಸಲವೂ ಕತ್ತರಿಸಿದ್ದರಂತೆ. ಐ ವಿಲ್ ಪುಟ್ ಯು ಥ್ರೂ, ನಾನು ಫೋನು ಇಡುವುದಿಲ್ಲ ಎಂದು ಹೇಳಿ, ಮೂರು ವಾರ್ಡು ಹುಡುಕಿ ಜೋಡಿಸಿದೆ. ಆ ಹೆಂಗಸು ಮಾತಾಡಿದಳು. ಯಾವ ಭಾಷೆಯೋ ತಿಳಿಯದು, ಬೈಗುಳ ಎಂಬುದು ಮಾತ್ರ ಸ್ಪಷ್ಟ. ಮುದುಕ ಅಳುತ್ತಾ ನಗುತ್ತಿದ್ದ. ಮೇಲ್ವಿಚಾರಕಿ ಹಾಳೆಯನ್ನು ಮಡಚಿ, ನಾನು ಕಟ್ ಮಾಡಿಬಿಡ್ತಿದ್ದೆ ಅಣ್ಣಾ ಅಂದಳು. ಅಷ್ಟೇ ಅಂದಳು. ಸಂಜೆ ಕಾಯಂ ಪತ್ರ ಕೈಗೆ ಬಂತು.

ಈಗ ಒಂದು ಮಾತು. ಏಳು ವರ್ಷದ ಹಿಂದಿನ ಆ ಮಧ್ಯಾಹ್ನದ ಆಟ, ಸಿಂಹಾಸನದ ದೃಶ್ಯ. ನಾನು ಮಾತು ಮರೆತು ತಡವರಿಸಿ ನಿಂತು, ನಮ್ಮ ಪ್ರಾಂಪ್ಟರಮ್ಮ ನಿದ್ದೆ ಹೊಡೀತಿದ್ದಾಳೆ ಎಂದು ಜನರಿಗೆ ಹೇಳಿ ನಗಿಸಿದೆ. ನೀನು ಪೆನ್ಸಿಲನ್ನು ನಾಟಕದ ಪ್ರತಿಯೊಳಗಿಟ್ಟು, ಪಕ್ಕದ ಬಾಗಿಲಿನಿಂದ ಹೋದೆ, ಮನೆಗೂ ಬರಲಿಲ್ಲ. ನೀನು ಮಾತು ಹೇಳಿಕೊಡಲೇ ಇಲ್ಲ ಎಂದು ಏಳು ವರ್ಷ ಎಲ್ಲರಿಗೂ ಸಾರಿದೆ. ಸುಳ್ಳು. ನೀನು ಮೂರು ಸಲ ಹೇಳಿದೆ. ಮೂರು ಸಲವೂ ನನಗೆ ಕೇಳಿಸಿತ್ತು. ಕೇಳಿಸಿದರೂ ನಾಲಗೆ ಹೊರಳಲಿಲ್ಲ. ವಯಸ್ಸಾಯಿತು ಎಂದು ಜನರಿಗೆ ತಿಳಿಯಬಾರದೆಂದು ನಿನ್ನನ್ನು ಬಲಿ ಕೊಟ್ಟೆ. ಮಗಳಿಗೂ ನಿನ್ನೆ ನಿಜ ಹೇಳಿದೆ. ಕ್ಷಮಿಸು ಎಂದು ಗುಡುಗುವುದಿಲ್ಲ. ಮೆಲ್ಲಗೆ ಬರೆಯುತ್ತಿದ್ದೇನೆ.

ಚಪ್ಪಾಳೆ ನನ್ನ ಕಿವಿಗೆ ಬಿತ್ತು, ಮಾತು ನಿನ್ನದಾಗಿತ್ತು. ನಿನ್ನಿಂದ ಉಂಡೆ, ಈಗಲೂ ನಿನ್ನಿಂದಲೇ ಉಣ್ಣುತ್ತಿದ್ದೇನೆ. ನಿನ್ನ ಕೈಯಕ್ಷರಕ್ಕೆ, ನಿನ್ನ ತಾಳ್ಮೆಗೆ, ನಾನು ಕೇಳದೆಯೇ ಬಂದ ಆ ನೋಟ್‌ಬುಕ್ಕಿಗೆ ತಲೆಬಾಗಿದ್ದೇನೆ.

ಇಂತಿ,
ಎಂದೆಂದೂ ನಿನ್ನ ಋಣದಲ್ಲಿರುವ
ಗುಡುಗಪ್ಪ

ಮರೆತಿದ್ದೆ: ಕಾಯಂ ಆದವರು ಒಂದು ಫಾರಂ ತುಂಬಿ ಬುಧವಾರದೊಳಗೆ ಕೊಡಬೇಕು. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂಬಲ್ಲಿ ಕೇಳದೆಯೇ ನಿನ್ನ ಹೆಸರು, ನಂಬರು ಬರೆದಿದ್ದೇನೆ. ಅದರ ಮುಂದೆ, ಅವರು ನಿಮಗೇನಾಗಬೇಕು ಎಂಬ ಖಾನೆ ಖಾಲಿ ಇದೆ. ಪೆನ್ನು ಹಿಡಿದು ಕೂತರೂ ಬಾಯಿಗೆ ಬರುತ್ತಿಲ್ಲ. ಎರಡು ಪದ ಹೇಳು, ಸಾಕು. ಎಡಕ್ಕೆ ತಿರುಗಿ ಕೂತಿದ್ದೇನೆ.